ಮಕ್ಕಳ ಕಣ್ಣಿಗೂ ಒಂದು ಹಕ್ಕಿದೆ

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ತನ್ನನ್ನು ತಾನೇ ದಣಿಸಿಕೊಳ್ಳುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ ಪ್ರವಾದಿ ಮುಹಮ್ಮದ್(ಸ) ತಿಳಿಹೇಳಿದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಶರೀರಕ್ಕೆ ಹಕ್ಕಿದೆ, ಪತ್ನಿಗೆ ಹಕ್ಕಿದೆ ಎಂದು ನೆನಪಿಸುವಾಗ ಪ್ರವಾದಿಯವರು(ಸ) ಕಣ್ಣನ್ನು ಬೇರೆಯಾಗಿಯೇ ಹೆಸರಿಸಿದರು. ಕಣ್ಣು ಶರೀರದೊಳಗೇ ಸೇರಿದ್ದಲ್ಲವೇ, ಮತ್ತೇಕೆ ಪ್ರತ್ಯೇಕ ಪ್ರಸ್ತಾಪ ಎಂದು ಕೇಳಬಹುದು. ಖುತ್ಬಾಗಳಲ್ಲಿ ಈ ಹದೀಸ್ ಸಾಮಾನ್ಯವಾಗಿ ಬರುವುದು ಆರಾಧನೆಯಲ್ಲಿ ಮಿತಿ ಇರಬೇಕು ಎಂಬ ವಿಷಯ ಬಂದಾಗ. ಅದು ಸರಿಯೇ. ಆದರೆ ಕಣ್ಣಿಗೆ ಹಕ್ಕಿದೆ ಎಂಬ ಮಾತನ್ನು ಅದರ ನೇರ ಅರ್ಥದಲ್ಲೂ ತೆಗೆದುಕೊಳ್ಳಬೇಕಲ್ಲವೇ? ದೊಡ್ಡವರು ತಮ್ಮ ಕಣ್ಣಿನ ಹಕ್ಕನ್ನು ತಾವೇ ಸಲ್ಲಿಸಬಲ್ಲರು. ಪತ್ರಿಕೆಯ ಅಕ್ಷರ ಮಸುಕಾದರೆ ಮರುದಿನವೇ ಕನ್ನಡಕದ ಅಂಗಡಿಗೆ ಹೋಗುತ್ತಾರೆ. ನಾಲ್ಕು ವರ್ಷದ ಮಗುವಿನ ಕಣ್ಣಿನ ಹಕ್ಕು ಮಾತ್ರ ತಂದೆ ತಾಯಿಯ ಕೈಯಲ್ಲಿರುವ ಅಮಾನತ್.

ಇದರಲ್ಲಿ ಒಂದು ತೊಡಕಿದೆ. ಹೊಟ್ಟೆ ನೋವಾದರೆ ಮಗು ಅಳುತ್ತದೆ, ಹಲ್ಲು ನೋವಾದರೆ ಮನೆಯವರ ನಿದ್ದೆ ಕೆಡಿಸುತ್ತದೆ. ಕಣ್ಣು ಸರಿಯಾಗಿ ಕಾಣದಿದ್ದರೆ ಮಾತ್ರ ಸುಮ್ಮನಿರುತ್ತದೆ. ಯಾಕೆಂದರೆ ತನಗೆ ಕಡಿಮೆ ಕಾಣುತ್ತಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಹುಟ್ಟಿದಂದಿನಿಂದ ಮಸುಕಾಗಿಯೇ ನೋಡಿದ ಮಗುವಿಗೆ ಜಗತ್ತು ಎಂದರೆ ಅದೇ ಮಸುಕು. ದೂರದ ತೆಂಗಿನ ಮರದಲ್ಲಿ ಒಂದೊಂದು ಗರಿಯೂ ಬೇರೆ ಬೇರೆಯಾಗಿ ಕಾಣಬೇಕು ಎಂದು ಅದಕ್ಕೆ ಯಾರು ಹೇಳಿದ್ದಾರೆ? ‘ನನ್ನ ಮಗ ಯಾವತ್ತೂ ಕಣ್ಣಿನ ಬಗ್ಗೆ ದೂರು ಹೇಳಿಲ್ಲ’ ಎಂಬ ಮಾತು ಆದ್ದರಿಂದ ಸಮಾಧಾನಪಡುವ ಮಾತಲ್ಲ.

ನಮ್ಮ ಮನೆಗಳಲ್ಲಿ ಇದು ಅಡಗಿ ಕೂರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಕ್ಕಳು ಕುರ್‌ಆನ್ ಕಲಿಯುವುದು ಮೊದಲು ಕಿವಿಯಿಂದ. ಉಸ್ತಾದರು ಹೇಳಿಕೊಟ್ಟದ್ದನ್ನು ಒಟ್ಟಾಗಿ ಹೇಳುತ್ತಾ ಹೇಳುತ್ತಾ ಚಿಕ್ಕ ಸೂರಾಗಳು ಬಾಯಿಪಾಠವಾಗುತ್ತವೆ. ಆಮೇಲೆ ಮುಸ್‌ಹಫ್ ಮುಂದಿಟ್ಟು ಓದು ಎಂದರೆ ಮಗು ಪುಟದ ಮೇಲೆ ಬೆರಳಾಡಿಸುತ್ತಾ ಸರಾಗವಾಗಿ ಹೇಳುತ್ತದೆ. ಅದು ಓದುತ್ತಿದೆಯೋ, ನೆನಪಿನಿಂದ ಹೇಳುತ್ತಿದೆಯೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಪಾಠಕ್ಕೆ ಬಂದಾಗ ತೊಂದರೆ ಆರಂಭ. ಬಾ, ತಾ, ಥಾ ಮೂರಕ್ಕೂ ಆಕಾರ ಒಂದೇ. ವ್ಯತ್ಯಾಸ ಇರುವುದು ಚುಕ್ಕೆಗಳಲ್ಲಿ. ಜೀಮ್, ಹಾ, ಖಾ ಕೂಡ ಹಾಗೆಯೇ. ಅಕ್ಷರದ ಮೇಲೆ ಕೆಳಗೆ ಇರುವ ಫತ್‌ಹ್, ಕಸ್ರ್ ಗೆರೆಗಳು ಇನ್ನೂ ಸಣ್ಣವು. ಕನ್ನಡದಲ್ಲಿ ಅಕ್ಷರ ಸ್ವಲ್ಪ ಮಸುಕಾದರೂ ಮಗು ಪದವನ್ನು ಊಹಿಸಿಬಿಡುತ್ತದೆ. ಅರ್ಥ ತಿಳಿಯದ ಭಾಷೆಯಲ್ಲಿ ಊಹೆ ನಡೆಯುವುದಿಲ್ಲ. ಚುಕ್ಕೆ ತಪ್ಪುತ್ತದೆ, ಉಸ್ತಾದರು ತಿದ್ದುತ್ತಾರೆ, ಮತ್ತೆ ತಪ್ಪುತ್ತದೆ. ಶಾಲೆಯಲ್ಲಿ ಕರಿಹಲಗೆಯ ಲೆಕ್ಕವನ್ನು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ, ಅದಕ್ಕೂ ಬೈಗುಳ. ಹೀಗೆ ಎರಡೂ ಕಡೆ ‘ಗಮನ ಇಲ್ಲದ ಹುಡುಗ’ ಎಂಬ ಹೆಸರು ಬಂದು ಬಿಡುತ್ತದೆ. ಒಂದು ಕನ್ನಡಕದಿಂದ ಸರಿಯಾಗುವ ವಿಷಯಕ್ಕೆ ಮಗು ವರ್ಷಗಟ್ಟಲೆ ಏಟು ತಿನ್ನಬಹುದು. ಮಗುವೊಂದು ಓದಿನಲ್ಲಿ ಹಿಂದೆ ಬೀಳುತ್ತಿದೆ ಎಂದು ಅನಿಸಿದಾಗ ಮೊದಲು ಅದರ ಕಣ್ಣು ಪರೀಕ್ಷಿಸಬೇಕು, ಆಮೇಲೆ ಉಳಿದ ಮಾತು ಎಂಬುದು ನನ್ನ ಅಭಿಪ್ರಾಯ.

ಕನ್ನಡಕದಿಂದ ಸರಿಯಾಗುವ ತೊಂದರೆಗಳಿಗಾದರೂ ತಡವಾಗಿ ಪರಿಹಾರ ಸಿಗುತ್ತದೆ. ತಡವಾದರೆ ಕೈತಪ್ಪಿ ಹೋಗುವುದು ಇನ್ನೊಂದು. ಅದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ, ವೈದ್ಯರ ಭಾಷೆಯಲ್ಲಿ ಆಂಬ್ಲಿಯೋಪಿಯ. ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ನೋಡುವುದು ಕಣ್ಣೊಂದರ ಕೆಲಸ ಎಂದು ನಾವು ತಿಳಿಯುತ್ತೇವೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ ಸುಮಾರು ಸಾವಿರ ವರ್ಷಗಳ ಹಿಂದೆಯೇ ತಮ್ಮ ಕಿತಾಬುಲ್ ಮನಾಝಿರ್‌ನಲ್ಲಿ ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸಿದ್ದಷ್ಟೇ ಅಲ್ಲ, ಕಂಡದ್ದು ಏನೆಂದು ಗುರುತಿಸುವುದು ಅದರ ಹಿಂದಿರುವ ತೀರ್ಮಾನ ಶಕ್ತಿ ಎಂದೂ ಬರೆದರು. ಇಂದಿನ ವೈದ್ಯಶಾಸ್ತ್ರ ಹೇಳುವುದೂ ಅದನ್ನೇ. ಕಣ್ಣು ಚಿತ್ರವನ್ನು ಹಿಡಿದು ಕಳಿಸುತ್ತದೆ, ನೋಡುವುದು ಮೆದುಳು. ಮೆದುಳು ನೋಡಲು ಕಲಿಯುವುದು ಬಾಲ್ಯದಲ್ಲಿ. ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ, ಇನ್ನೊಂದರಿಂದ ಮಸುಕು ಚಿತ್ರ ಬರುತ್ತಿದ್ದರೆ ಮೆದುಳು ಮಸುಕಾದುದನ್ನು ತಳ್ಳಿಹಾಕಲು ಕಲಿಯುತ್ತದೆ. ದಿನ ಕಳೆದಂತೆ ಆ ಕಣ್ಣಿನ ಜೊತೆಗಿನ ಸಂಪರ್ಕವೇ ದುರ್ಬಲವಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ಅಂದವಾಗಿಯೇ ಇರುತ್ತವೆ. ಒಳ್ಳೆಯ ಕಣ್ಣಿನ ಬಲದಿಂದ ಮಗು ಓದುತ್ತದೆ, ಆಡುತ್ತದೆ, ಸೈಕಲ್ ತುಳಿಯುತ್ತದೆ. ಎಷ್ಟೋ ಮಂದಿಗೆ ಇದು ಗೊತ್ತಾಗುವುದು ದೊಡ್ಡವರಾದ ಮೇಲೆ, ಯಾವುದೋ ಕೆಲಸಕ್ಕೆ ವೈದ್ಯಕೀಯ ತಪಾಸಣೆಗೆ ಹೋದಾಗ. ಆಗ ಕನ್ನಡಕ ಕೊಟ್ಟರೂ ಆ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ಕೊರತೆ ಈಗ ಕಣ್ಣಿನಲ್ಲಿಲ್ಲ.

ಏಳೆಂಟು ವರ್ಷದೊಳಗೆ ಪತ್ತೆಯಾದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲೂ ಪ್ರಯತ್ನಿಸುತ್ತಾರೆ, ಆದರೆ ವಯಸ್ಸು ಏರಿದಂತೆ ಫಲ ಇಳಿಯುತ್ತದೆ. ಚಿಕಿತ್ಸೆಯೂ ಸರಳ: ಸರಿಯಾದ ಕನ್ನಡಕ, ಜೊತೆಗೆ ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ ಮುಚ್ಚಿ, ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸುವುದು. ಹೇಳಲು ಸರಳ, ಮಾಡಿಸುವುದು ಕಷ್ಟ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದರೆ ಮಗು ಹಟ ಮಾಡಿಯೇ ಮಾಡುತ್ತದೆ. ‘ಪಾಪ, ಅಳುತ್ತಿದೆ’ ಎಂದು ಅಜ್ಜಿ ಪಟ್ಟಿ ಕಿತ್ತುಬಿಡುವ ಮನೆಗಳೂ ಇವೆ. ಚಿತ್ರಕ್ಕೆ ಬಣ್ಣ ಹಚ್ಚಿಸುವುದು, ಅಕ್ಕಿ ಆರಿಸುವ ಆಟ, ಕಥೆ ಪುಸ್ತಕ, ಏನಾದರೊಂದು ಜೊತೆಗಿರಬೇಕು. ವುಝೂ ಮಾಡುವಾಗ ತೆಗೆದು ಮತ್ತೆ ಹಾಕಿದರಾಯಿತು. ದಿನದ ಒಟ್ಟು ಗಂಟೆಗಳು ವೈದ್ಯರು ಹೇಳಿದಷ್ಟಾದರೆ ಸಾಕು. ಇದು ತಿಂಗಳುಗಟ್ಟಲೆ ಸಾಗುವ ಸಬ್ರ್‌ನ ಕೆಲಸ.

ಒಂದು ಕಣ್ಣು ಇನ್ನೊಂದನ್ನು ಮರೆಮಾಚುವುದರಿಂದಲೇ ಪರೀಕ್ಷೆಯಲ್ಲಿ ಪ್ರತಿಯೊಂದು ಕಣ್ಣನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಗೋಡೆಯ ಕ್ಯಾಲೆಂಡರನ್ನೋ ನಮಾಝ್ ವೇಳಾಪಟ್ಟಿಯನ್ನೋ ದೂರದಿಂದ ಓದಿಸಿ. ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಅಂಗೈಯಿಂದ ಮುಚ್ಚಬೇಕು, ಬೆರಳಾದರೆ ಸಂದಿಯಿಂದ ನೋಡುತ್ತವೆ, ಮಕ್ಕಳು ಅದರಲ್ಲಿ ಜಾಣರು. ಎರಡು ಕಣ್ಣಿನ ಓದಿನಲ್ಲಿ ವ್ಯತ್ಯಾಸ ಕಂಡರೆ ತಡಮಾಡಬಾರದು. ಮಾತು ಬಾರದ ಮಗುವಾದರೆ, ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದು ಮುಚ್ಚಿದೊಡನೆ ಕೈ ತಳ್ಳಿ ಅಳುವುದು ಒಂದು ಸುಳಿವು. ಆದರೆ ಈ ಪ್ರಯೋಗದಲ್ಲಿ ಪಾಸಾಯಿತೆಂದು ಆಸ್ಪತ್ರೆಯ ಪರೀಕ್ಷೆಯನ್ನು ಬಿಡುವಂತಿಲ್ಲ.

ಹಾಗಾದರೆ ಪರೀಕ್ಷೆ ಯಾವಾಗ? ಹುಟ್ಟಿದಾಗ ಮಕ್ಕಳ ವೈದ್ಯರು ಕಣ್ಣಿಗೆ ದೀಪ ಹಿಡಿದು ನೋಡುತ್ತಾರೆ. ನೋಡಿದರೇ ಎಂದು ಕೇಳಿಕೊಳ್ಳಿ. ಒಂದು ವರ್ಷ ತುಂಬುವುದರೊಳಗೆ ಒಮ್ಮೆ, ಮೂರು ವರ್ಷದ ಹೊತ್ತಿಗೆ ಒಮ್ಮೆ, ಒಂದನೇ ತರಗತಿಗೆ ಸೇರಿಸುವ ಮುನ್ನ ಒಮ್ಮೆ, ಅಲ್ಲಿಂದ ಮುಂದೆ ಓದು ಮುಗಿಯುವ ತನಕ ವರ್ಷಕ್ಕೊಮ್ಮೆ. ತಂದೆ ತಾಯಿಗೆ ದೊಡ್ಡ ನಂಬರಿನ ಕನ್ನಡಕವಿದ್ದರೆ ಅಥವಾ ಅಣ್ಣ ಅಕ್ಕನಿಗೆ ಸೋಮಾರಿ ಕಣ್ಣು ಇದ್ದರೆ ಇನ್ನೂ ಎಚ್ಚರ ಬೇಕು. ರಕ್ತ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಯಾರಿಗಾದರೂ ಇರುಳುಗುರುಡು ಇದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅಂಥ ವಿವಾಹ ನಿಷಿದ್ಧವಲ್ಲ, ಆದರೆ ಅಕ್ಷಿಪಟಲದ ಕೆಲವು ವಂಶಪಾರಂಪರ್ಯ ರೋಗಗಳು ಅಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತವೆ ಎಂಬುದು ನಿಜ.

ಓದಲು ಬಾರದ ಮಗುವನ್ನು ಹೇಗೆ ಪರೀಕ್ಷಿಸುತ್ತಾರೆ ಎಂದು ಹಲವರು ಕೇಳುತ್ತಾರೆ. ಚಿತ್ರಗಳ ಫಲಕವಿರುತ್ತದೆ, ಬೇರೆ ಬೇರೆ ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘ಇ’ ಅಕ್ಷರದ ಫಲಕವಿರುತ್ತದೆ, ಕಾಲುಗಳು ಯಾವ ಕಡೆಗಿವೆ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು. ಹಸುಗೂಸಾದರೆ ಕಣ್ಣಿಗೆ ಬೆಳಕು ಹಾಯಿಸಿ, ಅದು ಮರಳಿ ಬರುವ ರೀತಿಯಿಂದಲೇ ನಂಬರ್ ಲೆಕ್ಕ ಹಾಕುತ್ತಾರೆ. ಚೀಟಿಯಲ್ಲಿ 6/6 ಎಂದು ಬರೆದಿದ್ದರೆ ಸರಿಯಾದ ದೃಷ್ಟಿ. 6/18 ಎಂದರೆ ಇತರರು 18 ಮೀಟರ್ ದೂರದಿಂದ ಓದುವುದನ್ನು ನಿಮ್ಮ ಮಗು 6 ಮೀಟರಿಗೆ ಬಂದು ಓದುತ್ತಿದೆ ಎಂದರ್ಥ.

ಮಕ್ಕಳ ಪರೀಕ್ಷೆಯಲ್ಲಿ ಪೋಷಕರು ಹೆದರುವುದು ಕಣ್ಣಿಗೆ ಹಾಕುವ ಔಷಧಿಗೆ. ಅದು ಬೇಕೇ ಬೇಕು. ಮಕ್ಕಳ ಕಣ್ಣಿನ ಒಳಗಿನ ಸ್ನಾಯುವಿಗೆ ಬಲ ಹೆಚ್ಚು; ಪರೀಕ್ಷೆಯ ಹೊತ್ತಿಗೆ ಅದು ಬಿಗಿದು ತಪ್ಪು ನಂಬರ್ ತೋರಿಸಬಹುದು. ಅದನ್ನು ಸಡಿಲಗೊಳಿಸಲು ಹನಿ ಅಥವಾ ಮುಲಾಮು ಹಾಕುತ್ತಾರೆ. ಪಾಪೆ ದೊಡ್ಡದಾಗುತ್ತದೆ, ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಔಷಧಿ ಯಾವುದೆಂಬುದರ ಮೇಲೆ ಇದು ಒಂದು ದಿನವೋ, ಅಟ್ರೋಪಿನ್ ಮುಲಾಮಾದರೆ ಒಂದೆರಡು ವಾರವೋ ಇರುತ್ತದೆ, ತಾನಾಗಿ ಸರಿಹೋಗುತ್ತದೆ. ಮುಲಾಮನ್ನು ಮನೆಯಲ್ಲಿ ಹಚ್ಚಲು ಕೊಟ್ಟಾಗ ಮಗುವಿನ ಮುಖ ಕೆಂಪಾಗಿ ಜ್ವರ ಬಂದರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಟ್ಯೂಬ್ ಮಕ್ಕಳ ಕೈಗೆ ಸಿಗದಂತೆ ಇಡಿ. ಕನ್ನಡಕದಂಗಡಿಯಲ್ಲಿ ಹನಿ ಹಾಕದೆ ಎರಡು ನಿಮಿಷದಲ್ಲಿ ಮಾಡುವ ‘ಕಂಪ್ಯೂಟರ್ ಪರೀಕ್ಷೆ’ ಚಿಕ್ಕ ಮಕ್ಕಳಿಗೆ ಸಾಲದು ಎನ್ನುವುದು ಇದೇ ಕಾರಣಕ್ಕೆ.

ವಾರ್ಷಿಕ ಪರೀಕ್ಷೆಗೆಂದು ಕಾಯಲೇಬಾರದ ಕೆಲವು ಸಂಗತಿಗಳಿವೆ. ಪಾಪೆಯೊಳಗೆ ಬಿಳಿ ಹೊಳಪು ಕಂಡರೆ, ಮೊಬೈಲ್ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬೆಳ್ಳಗೆ ಬಂದರೆ, ಅದೇ ವಾರ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು. ರೆಟಿನೋಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರೂ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೇ ಹೆಚ್ಚಾಗಿ ಬರುವ ಈ ಕ್ಯಾನ್ಸರ್ ಬೇಗ ಸಿಕ್ಕರೆ ಜೀವವೂ ಉಳಿಯುತ್ತದೆ, ಅನೇಕ ಸಲ ಕಣ್ಣೂ ಉಳಿಯುತ್ತದೆ. ಮಗುವಿನ ಕಣ್ಣುಗಳು ಅಸಹಜವಾಗಿ ದೊಡ್ಡದಾಗಿದ್ದು, ನೀರು ಸೋರುತ್ತಾ, ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ ‘ಮಾಶಾ ಅಲ್ಲಾಹ್, ಎಷ್ಟು ದೊಡ್ಡ ಕಣ್ಣು’ ಎಂದು ಸುಮ್ಮನಾಗಬಾರದು. ಅದು ಗ್ಲಾಕೋಮ ಆಗಿರಬಹುದು. ಆರು ತಿಂಗಳು ದಾಟಿದ ಮೇಲೂ ಕಣ್ಣು ಓರೆಯಾಗುತ್ತಿದ್ದರೆ ತೋರಿಸಲೇಬೇಕು. ಮೆಳ್ಳೆಗಣ್ಣು ಅದೃಷ್ಟ ಎಂಬ ಮಾತಿಗೆ ದೀನಿನಲ್ಲೂ ಆಧಾರವಿಲ್ಲ, ವೈದ್ಯಶಾಸ್ತ್ರದಲ್ಲೂ ಇಲ್ಲ. ಸೋಮಾರಿ ಕಣ್ಣಿಗೆ ಅದೊಂದು ಮುಖ್ಯ ಕಾರಣ.

ದಿನ ತುಂಬದೆ ಹುಟ್ಟಿದ ಮಕ್ಕಳ ವಿಷಯ ಬೇರೆ. 34 ವಾರದೊಳಗೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಲೇಬೇಕು. ಇನ್ನೂ ಪುಟ್ಟ ಮಗುವಾದರೆ ಅದಕ್ಕೂ ಮೊದಲೇ. ಅಲ್ಲಿಯ ರಕ್ತನಾಳಗಳು ತಪ್ಪಾಗಿ ಬೆಳೆದರೆ ಮಗು ಪೂರ್ತಿ ಕುರುಡಾಗಬಹುದು, ಸಮಯಕ್ಕೆ ಲೇಸರ್ ಮಾಡಿದರೆ ಉಳಿಯಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯ ತಂಡಗಳು ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳ ನವಜಾತ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ಇಂಥ ಮಕ್ಕಳನ್ನು ಪರೀಕ್ಷಿಸುತ್ತಾ ಬಂದಿವೆ. ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ‘ಕಣ್ಣಿನ ಪರೀಕ್ಷೆ ಆಯಿತೇ, ಇಲ್ಲವಾದರೆ ಯಾವ ದಿನ, ಎಲ್ಲಿ’ ಎಂದು ಬರೆಸಿಕೊಳ್ಳಿ. ನಲ್ವತ್ತು ದಿನ ಮನೆಯಿಂದ ಹೊರಡಬಾರದು ಎಂಬ ಸಂಪ್ರದಾಯ ಇಲ್ಲಿ ನಡೆಯುವುದಿಲ್ಲ.

ಸುರ್ಮಾದ ಬಗ್ಗೆಯೂ ಹೇಳಬೇಕು. ಇಥ್ಮಿದ್ ಸುರ್ಮಾವನ್ನು ಪ್ರವಾದಿ(ಸ) ಪ್ರಶಂಸಿಸಿದ ಹದೀಸ್‌ಗಳಿವೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಇಂದು ಪೊಟ್ಟಣದಲ್ಲಿ ಸಿಗುವ ಪುಡಿಯ ಬಗ್ಗೆ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಹಲವು ಸುರ್ಮಾಗಳಲ್ಲಿ ಸಿಕ್ಕಿರುವುದು ಸೀಸ. ಹಸುಗೂಸು ಕಣ್ಣುಜ್ಜಿದ ಕೈಯನ್ನು ಬಾಯಿಗೆ ಹಾಕುತ್ತದೆ, ಸೀಸ ಹೊಟ್ಟೆ ಸೇರುತ್ತದೆ, ಬೆಳೆಯುತ್ತಿರುವ ಮೆದುಳಿಗೆ ಕೇಡು ಮಾಡುತ್ತದೆ. ಏನಿದೆ ಎಂದು ತಿಳಿಯದ ಪುಡಿಯನ್ನು ಸುನ್ನತ್ತಿನ ಹೆಸರಿನಲ್ಲಿ ಎಳೆಮಗುವಿನ ಕಣ್ಣಿಗೆ ಹಚ್ಚುವುದು ಬೇಡ. ಕಣ್ಣು ಕೆಂಪಾದಾಗ ಎದೆಹಾಲು, ಜೇನು ಬಿಡುವುದೂ ಬೇಡ. ಖೈಬರ್‌ನಲ್ಲಿ ಅಲಿ(ರ) ಅವರ ಕಣ್ಣು ನೋವಿಗೆ ಪ್ರವಾದಿ(ಸ) ದುಆ ಮಾಡಿದ್ದರು. ಅದೇ ಪ್ರವಾದಿ(ಸ) ಚಿಕಿತ್ಸೆ ಪಡೆಯಿರಿ ಎಂದೂ ಆದೇಶಿಸಿದ್ದಾರೆ. ದುಆ ಮತ್ತು ಚಿಕಿತ್ಸೆ ಒಂದಕ್ಕೊಂದು ಎದುರಲ್ಲ.

ಕನ್ನಡಕ ಬೇಕು ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಇನ್ನೊಂದು ಸುತ್ತಿನ ಚರ್ಚೆ ನಡೆಯುತ್ತದೆ. ಈಗಿನಿಂದಲೇ ಹಾಕಿದರೆ ಅಭ್ಯಾಸವಾಗಿ ನಂಬರ್ ಏರುತ್ತದಂತೆ, ಎನ್ನುತ್ತಾರೆ. ಏರುವುದಿಲ್ಲ. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆಯುತ್ತದೆ, ನಂಬರ್ ಬದಲಾಗುವುದು ಅದರಿಂದ. ಕನ್ನಡಕ ಹಾಕದೆ ಇಟ್ಟರೂ ಅದು ನಿಲ್ಲದು. ಹುಡುಗಿಯಾದರಂತೂ ‘ಕನ್ನಡಕ ಹಾಕಿದರೆ ನಾಳೆ ಸಂಬಂಧ ಬರುವುದಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆರು ವರ್ಷದ ಹುಡುಗಿಯ ಓದು ಮತ್ತು ದೃಷ್ಟಿಯನ್ನು ಹದಿನೈದು ವರ್ಷಗಳ ನಂತರ ಯಾರೋ ಹೇಳಬಹುದಾದ ಮಾತಿಗೆ ಅಡವಿಡುವುದು ಅನ್ಯಾಯ. ಅಣ್ಣನಿಗೆ ಕನ್ನಡಕ ಮಾಡಿಸಿ, ತಂಗಿಗೆ ‘ಸ್ವಲ್ಪ ಸಮಯ ನೋಡೋಣ’ ಎನ್ನುವ ತಂದೆ, ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂಬ ಆಜ್ಞೆ ಯಾರಿಗೆ ಎಂದು ಯೋಚಿಸಲಿ.

ದೂರದ್ದು ಕಾಣದಿರುವ ತೊಂದರೆ ಈಗ ಮಕ್ಕಳಲ್ಲಿ ಹೆಚ್ಚುತ್ತಿದೆ. ಮೊಬೈಲ್ ಒಂದೇ ಅಪರಾಧಿಯಲ್ಲ. ಯಾವುದನ್ನೇ ಆಗಲಿ ಬಹಳ ಹೊತ್ತು ಹತ್ತಿರದಿಂದ ನೋಡುವುದು ಮತ್ತು ಬಯಲಿನ ಬೆಳಕಿಗೆ ಹೋಗದಿರುವುದು ಕಾರಣ. ದಿನಕ್ಕೆ ಎರಡು ಗಂಟೆಯಷ್ಟು ಹೊರಗೆ ಆಡುವ ಮಕ್ಕಳಲ್ಲಿ ಇದು ಕಡಿಮೆ. ಹಿಫ್ಝ್ ಮಾಡುವ ಮಕ್ಕಳು ಗಂಟೆಗಟ್ಟಲೆ ಮುಸ್‌ಹಫ್ ಮೇಲೆ ಬಾಗಿರುತ್ತಾರೆ. ಅವರಿಗೆ ಒಳ್ಳೆಯ ದೀಪ, ಎತ್ತರಕ್ಕೆ ಸರಿಯಾದ ಓದುಪೀಠ, ನಡುನಡುವೆ ಕಿಟಕಿಯಾಚೆ ದೂರ ನೋಡುವ ಬಿಡುವು ಮತ್ತು ಅಸರ್ ನಂತರ ಆಟ ಬೇಕು. ಅಸರ್ ಬಳಿಕದ ಆಟವನ್ನು ಶಿಸ್ತಿನ ಹೆಸರಿನಲ್ಲಿ ಕಡಿತ ಮಾಡುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ಖರ್ಚಿನ ಚಿಂತೆಗೆ ದಾರಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮದುವೆ ಮನೆಗೆ ಕರೆದೊಯ್ಯದೆ ಶಾಲೆಗೆ ಕಳಿಸಿ. ಖಾಸಗಿ ಶಾಲೆಯ ಮಕ್ಕಳು, ವಸತಿ ದರ್ಸ್‌ಗಳ ಮಕ್ಕಳು ಈ ಜಾಲದ ಹೊರಗಿದ್ದಾರೆ. ಅವರದ್ದು ಮನೆಯವರ ಮತ್ತು ಜಮಾಅತ್‌ನ ಹೊಣೆ. ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. ಬೆಂಗಳೂರಿನಲ್ಲಿ 1896ರಲ್ಲಿ ಶುರುವಾದ ಮಿಂಟೋ ಕಣ್ಣಿನ ಆಸ್ಪತ್ರೆ ಸರ್ಕಾರದ್ದೇ. ಮಹಲ್ಲು ಸಮಿತಿಯವರು ಮನಸ್ಸು ಮಾಡಿದರೆ ಮದ್ರಸಾದ ಹಾಲ್‌ನಲ್ಲಿ 6 ಮೀಟರ್ ಅಳೆದು, ಬೆಳಕಿರುವ ಕಡೆ ಫಲಕ ತೂಗುಹಾಕಿ, ಹತ್ತಿರದ ಆಸ್ಪತ್ರೆಯಿಂದ ನೇತ್ರ ಸಹಾಯಕರೊಬ್ಬರನ್ನು ಕರೆಸಿ ಒಂದು ಬೆಳಗ್ಗೆಯಲ್ಲಿ ನೂರು ಮಕ್ಕಳನ್ನು ನೋಡಿಸಬಹುದು. ಕಷ್ಟ ಬರುವುದು ಶಿಬಿರದ ಮರುದಿನ. ಆಸ್ಪತ್ರೆಗೆ ಹೋಗಬೇಕೆಂದು ಚೀಟಿ ಪಡೆದ ಮಕ್ಕಳಲ್ಲಿ ಎಷ್ಟು ಮಂದಿ ಹೋದರು, ಕನ್ನಡಕ ಕೊಂಡರೇ, ದುಡ್ಡಿಲ್ಲದೆ ನಿಂತವರಾರು ಎಂದು ನೋಡುವ ಒಬ್ಬರು ಬೇಕು. ಬ್ಯಾನರ್ ಮತ್ತು ಫೋಟೋಗೆ ಹಾಕುವ ಹಣದಲ್ಲಿ ಹಲವು ಕನ್ನಡಕಗಳಾಗುತ್ತವೆ.

ಪರೀಕ್ಷೆಗೆ ಅನುಕೂಲದ ಸಮಯವೆಂದರೆ ಎಪ್ರಿಲ್-ಮೇ ರಜೆ. ಮುಲಾಮಿನಿಂದ ಕೆಲವು ದಿನ ಅಕ್ಷರ ಕಾಣದಿದ್ದರೂ ಪಾಠ ತಪ್ಪುವುದಿಲ್ಲ, ಜೂನ್‌ಗೆ ಮುನ್ನ ಕನ್ನಡಕ ಕೈಗೆ ಬರುತ್ತದೆ. ಶವ್ವಾಲ್‌ನಲ್ಲಿ ಹೊಸ ವರ್ಷ ಆರಂಭಿಸುವ ಮದ್ರಸಾಗಳು ದಾಖಲಾತಿಯ ದಿನವೇ ‘ಕಣ್ಣು ಪರೀಕ್ಷೆಯಾಗಿದೆಯೇ’ ಎಂಬ ಒಂದು ಸಾಲನ್ನು ಅರ್ಜಿಯಲ್ಲಿ ಸೇರಿಸಬಹುದು. ಕನ್ನಡಕ ಕೊಳ್ಳುವಾಗ ಗಾಜಿನದ್ದು ಬೇಡ, ಒಡೆಯದ ಪಾಲಿಕಾರ್ಬೊನೇಟ್ ಕೇಳಿ. ಸುಜೂದ್‌ನಲ್ಲಿ ಜಾರದಂತೆ ಹಿಂದಕ್ಕೆ ಕಟ್ಟುವ ಎಲಾಸ್ಟಿಕ್ ದಾರ ಸಿಗುತ್ತದೆ. ಫ್ರೇಮ್ ಕಿವಿಯ ಹಿಂದೆ ಒತ್ತಿ ಗುರುತು ಮೂಡಿಸುತ್ತಿದ್ದರೆ ಮಗು ಬೆಳೆದಿದೆ. ನಂಬರ್ ಕೂಡ ಬದಲಾಗಿರಬಹುದು, ಮುಂದಿನ ಪರೀಕ್ಷೆಯ ದಿನ ಬರುವ ತನಕ ಕಾಯಬೇಕಾಗಿಲ್ಲ.